ಶುಕ್ರವಾರದ ಕ್ರಾಂತಿಕಾರರು

ಫ್ರಾನ್ಸಿನ ಕ್ರಾಂತಿಕಾರಿ ಸರಕಾರವು ಚರ್ಚು, ರಾಜ್ಯ ಮತ್ತು ಸಮಾಜವನ್ನು ಹೇಗೆ ಸುಧಾರಿಸಿತು, ವಿವರಿಸಿ. ಐದು ಅಂಕ. ಅಬುಧಾಬಿಯ ಖಲೀಫಾ ಸಿಟಿಯ ಶಾಲೆಯೊಂದರಲ್ಲಿ ಒಂಬತ್ತನೇ ತರಗತಿಗೆ ಚರಿತ್ರೆ ಕಲಿಸುತ್ತಿದ್ದ ನಾನು ಈ ಪ್ರಶ್ನೆಯ ಉತ್ತರಗಳನ್ನು ಪ್ರತಿವರ್ಷ ರಾಶಿಗಟ್ಟಲೆ ತಿದ್ದಿದ್ದೇನೆ. ಎಲ್ಲವೂ ಒಂದೇ ಅಚ್ಚಿನವು. ಫ್ರಾನ್ಸಿನವರು ಚರ್ಚಿನ ಭೂಮಿ ಕಿತ್ತುಕೊಂಡರು, ಪಾದ್ರಿಗಳನ್ನು ಸಂಬಳದ ನೌಕರರನ್ನಾಗಿಸಿ ಸಂವಿಧಾನಕ್ಕೆ ನಿಷ್ಠೆಯ ಪ್ರತಿಜ್ಞೆ ಮಾಡಿಸಿದರು, ಬಿರುದುಬಾವಲಿ ರದ್ದು ಮಾಡಿ ಎಲ್ಲರನ್ನೂ ನಾಗರಿಕ ಎಂದು ಕರೆಯಬೇಕೆಂದರು, ಹೊಸ ಪಂಚಾಂಗ ತಂದರು, ಎಲ್ಲರೂ ಸಮಾನರಾದರು. ಆ ಕೊನೆಯ ವಾಕ್ಯಕ್ಕೆ ನಾನು ಕೆಂಪು ಪೆನ್ನಿನಲ್ಲಿ ಗೆರೆ ಎಳೆದರೆ ಮಕ್ಕಳು ಎದ್ದು ನಿಂತು, "ಬಟ್ ಮಿಸ್, ಇಟ್ಸ್ ಇನ್ ದ ಗೈಡ್" ಅನ್ನುತ್ತಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯ ಗೈಡುಗಳು ಅವು. ನನಗೂ ವಾದಿಸಲು ಪುರಸೊತ್ತಿರಲಿಲ್ಲ. ಅರ್ಧ ಅಂಕ ಕಳೆದು ಮುಂದಿನ ಹಾಳೆ ತೆಗೆಯುತ್ತಿದ್ದೆ.

ಆ ಪಾಠ ನನಗೆ ನಿಜವಾಗಿ ಅರ್ಥವಾದದ್ದು ಹಮ್ದಾನ್ ಸ್ಟ್ರೀಟಿನ ಹಿಂದಿನ ಒಂದು ಹೋಟೆಲಿನ ಮಹಡಿಯಲ್ಲಿ. ನಮ್ಮ ಊರ ಕಡೆಯವರ ಸಂಘ ಅಲ್ಲಿ ಸೇರುತ್ತಿತ್ತು. ಹೋಟೆಲು ಬಂಟ್ವಾಳ ಕಡೆಯ ಬ್ಯಾರಿ ಮುಸ್ಲಿಮರದ್ದು. ನಮ್ಮ ಹಬ್ಬ ಇದ್ದ ದಿನ ಮಹಡಿಯ ಅಡುಗೆಮನೆಯನ್ನು ತಿಕ್ಕಿ ತೊಳೆಸಿ ನಮಗೆ ಬಿಟ್ಟುಕೊಟ್ಟು, ಮೇಲಕ್ಕೆ ಮೀನಿನ ವಾಸನೆ ಕೂಡ ಬಾರದ ಹಾಗೆ ನೋಡಿಕೊಳ್ಳುತ್ತಿದ್ದರು. ಮಡಿ ಮೈಲಿಗೆಯ ವಿಷಯದಲ್ಲಿ ನಮಗಿಂತ ಅವರೇ ಕಟ್ಟುನಿಟ್ಟು. ಗಣಪತಿ ಚೌತಿಯ ದಿನ ಬರುತ್ತಾನೆಂದು ಪಂಚಾಂಗ ಏನೇ ಹೇಳಲಿ, ಅಬುಧಾಬಿಯಲ್ಲಿ ಅವನು ಶುಕ್ರವಾರ ಬರುತ್ತಿದ್ದ. ಆಗ ರಜೆ ಇರುತ್ತಿದ್ದದ್ದು ಶುಕ್ರವಾರ. ದೇವರಾದರೂ ಏನು ಮಾಡಿಯಾನು.

ಸಂಘದ ಅಧ್ಯಕ್ಷರು ಹಳೇ ಕಾಲದ ವ್ಯಾಪಾರಸ್ಥರು, ಎಲ್ಲರೂ ಅವರನ್ನು ಧಣಿ ಅನ್ನುತ್ತಿದ್ದರು. ಪೂಜೆಗೆ ಇದ್ದವರು ಭಟ್ಟರು. ವಾರವಿಡೀ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುತ್ತ ಮ್ಯಾನೇಜರನ ಬೈಗುಳ ತಿಂದು, ಶುಕ್ರವಾರ ಬೆಳಿಗ್ಗೆ ಪಂಚೆ ಉಟ್ಟ ಕೂಡಲೇ ಊರಿಗೇ ಗುರುವಾಗುವ ಮನುಷ್ಯ. ಊಟಕ್ಕೆ ಮೂರು ಪಂಕ್ತಿ. ಮೊದಲನೆಯದು ಬ್ರಾಹ್ಮಣರದ್ದು ಮತ್ತು ಧಣಿಗಳ ಅತಿಥಿಗಳದ್ದು. ಎರಡನೆಯದು ಉಳಿದ ಗಂಡಸರು ಮತ್ತು ಮಕ್ಕಳದ್ದು. ಮೂರನೆಯದು ಮುಂಜಾನೆಯಿಂದ ತೆಂಗಿನಕಾಯಿ ತುರಿದು, ಪಾಯಸ ತಿರುವಿ, ಬಡಿಸಿ ಬೆನ್ನು ಬಿದ್ದುಹೋದ ಹೆಂಗಸರದ್ದು. ಚರಿತ್ರೆ ಓದಿದ ನನಗೆ ಆ ಮೂರು ಸಾಲು ನೋಡಿದಾಗೆಲ್ಲ ಫ್ರಾನ್ಸಿನ ರಾಜನ ಕಾಲದ ಪಾದ್ರಿಗಳು, ಶ್ರೀಮಂತರು, ಉಳಿದವರು ಎಂಬ ಮೂರು ವರ್ಗ ನೆನಪಾಗಿ ನಗು ಬರುತ್ತಿತ್ತು. ನಕ್ಕು ಮೂರನೇ ಸಾಲಿನಲ್ಲಿ ಕೂರುತ್ತಿದ್ದೆ.

ಆ ಮೂರನೇ ಸಾಲಿನ ಯಜಮಾನ್ತಿ ಸಿಸ್ಟರಕ್ಕ. ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸ್ ಆದ್ದರಿಂದ ಊರೆಲ್ಲ ಅವರನ್ನು ಸಿಸ್ಟರ್ ಅನ್ನುತ್ತಿತ್ತು. ನನಗಿಂತ ಹಿರಿಯರಾದ್ದರಿಂದ ನಾನು ಅಕ್ಕ ಸೇರಿಸಿಕೊಂಡಿದ್ದೆ. ಮಗಳು ಪ್ರೈಮರಿಯಲ್ಲಿದ್ದಾಗ ಗಂಡ ತೀರಿಹೋದ. ಊರಿಗೆ ಹೋಗಿ ಕ್ರಿಯೆ ಮುಗಿಸಿ, ಅಲ್ಲೇ ಇರು ಎಂದವರ ಮಾತು ಕೇಳದೆ, ಮಗಳ ಕೈ ಹಿಡಿದುಕೊಂಡು ಮರಳಿ ಬಂದು ಡ್ಯೂಟಿಗೆ ಹತ್ತಿದವರು. ಸಂಘದ ಹಾಲಿನಲ್ಲಿ ಓಡಾಡುವ ಅರ್ಧಕ್ಕರ್ಧ ಮಕ್ಕಳು ಹುಟ್ಟುವಾಗ ಮೊದಲು ಕೈಗೆತ್ತಿಕೊಂಡದ್ದು ಇವರೇ. ಆದರೆ ಪೂಜೆ ಮುಗಿದು ಅರಿಶಿನ ಕುಂಕುಮದ ಬಟ್ಟಲು, ಮಲ್ಲಿಗೆಯ ಹರಿವಾಣ ಸಾಲಿನಲ್ಲಿ ಬರುವಾಗ, ಹೆರಿಗೆಯ ನೋವಿನಲ್ಲಿ ಈ ಕೈಯನ್ನೇ ಉಗುರೂರಿ ಹಿಡಿದಿದ್ದ ಹೆಂಗಸರು ಸಿಸ್ಟರಕ್ಕನ ಎದುರು ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕೆ ತಿರುಗಿಸಿ ಮುಂದೆ ಹೋಗುತ್ತಿದ್ದರು. ಗಂಡ ಸತ್ತವಳಿಗೆ ಕುಂಕುಮ ಕೊಡಬಾರದು, ಹೂ ಕೊಡಬಾರದು. ಬೆಂಗಾಡಿಗೆ ವಿಮಾನದಲ್ಲಿ ಬಂದರೂ ಈ ಒಂದು ಸಾಮಾನನ್ನು ಯಾರೂ ಊರಲ್ಲಿ ಬಿಟ್ಟು ಬಂದಿರಲಿಲ್ಲ. ಆ ಹೊತ್ತಿಗೆ ಸರಿಯಾಗಿ ಅಡುಗೆಮನೆಯಲ್ಲಿ ಏನೋ ನೆನಪಾದವರಂತೆ ಎದ್ದು ಹೋಗುವುದನ್ನು ಸಿಸ್ಟರಕ್ಕ ಕಲಿತಿದ್ದರು. ಅದನ್ನು ನೋಡಿದಾಗೆಲ್ಲ ನನಗೆ ಮೈ ಉರಿಯುತ್ತಿತ್ತು.

ಕ್ರಾಂತಿ ಆದದ್ದು ಒಂದು ಚೌತಿಯ ದಿನ, ಅಂದರೆ ಚೌತಿಯ ಶುಕ್ರವಾರ. ಧಣಿಗಳು ಯಾವುದೋ ಕಂಪೆನಿಯ ದೊಡ್ಡವರನ್ನು ಸಂಸಾರ ಸಮೇತ ಊಟಕ್ಕೆ ಕರೆದಿದ್ದರು. ಮೊದಲ ಪಂಕ್ತಿ ಎರಡು ಸಲ ಕೂತಿತು. ಎರಡನೇ ಪಂಕ್ತಿಯವರು ಸೇಡಿಗೆಂಬಂತೆ ಉಂಡರು. ನಮ್ಮ ಸರದಿ ಬರುವಾಗ ಪಾತ್ರೆಯಲ್ಲಿ ಇದ್ದದ್ದು ಸಾರಿನ ತಿಳಿ ಮತ್ತು ಸೀದ ಅನ್ನದ ಚಕ್ಕೆ. ಅತ್ತ ಹಾಲಿನ ಮುಂಭಾಗದಲ್ಲಿ ವಾರ್ಷಿಕ ಮಹಾಸಭೆ ಶುರುವಾಗಿತ್ತು, ಧಣಿಗಳು ಎಲೆ ಅಡಿಕೆ ಮೆಲ್ಲುತ್ತ ವೇದಿಕೆಯಲ್ಲಿದ್ದರು. ಸಿಸ್ಟರಕ್ಕ ಖಾಲಿ ಅನ್ನದ ಪಾತ್ರೆ ನೋಡಿದರು. ಸೌಟನ್ನು ಕೈಯಲ್ಲೇ ಹಿಡಿದುಕೊಂಡು ಸೀದಾ ಸಭೆಯ ನಡುವೆ ನಡೆದರು. ಹಿಂದೆ ನಾವೆಲ್ಲ.

"ಅನ್ನ ಮುಗಿದಿದೆ. ಹೆಂಗಸರಿಗೆ ಎಂತ ಬಡಿಸುದು ಅಂತ ಅಧ್ಯಕ್ಷರು ಹೇಳ್ಬೇಕು," ಎಂದರು.

ಧಣಿಗಳು ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿ, ಕೆಳಗೆ ಹೋಟೆಲಿದೆಯಲ್ಲ, ಪರೋಟಾ ತರಿಸಿಕೊಳ್ಳಿ ಎಂದರು. ಕೆಟ್ಟದಾಗಿ ಹೇಳಿದ್ದಲ್ಲ. ಅವರ ಮಟ್ಟಿಗೆ ಅದು ಔದಾರ್ಯವೇ. ಆದರೆ ಬೆಳಗ್ಗಿನಿಂದ ಉಪವಾಸವಿದ್ದು ನೂರಾರು ಜನಕ್ಕೆ ಬೇಯಿಸಿ ಹಾಕಿದವರಿಗೆ ಗಣಪತಿಯ ಎದುರಲ್ಲೇ ಪರೋಟಾ. ರೊಟ್ಟಿ ಇಲ್ಲದಿದ್ದರೆ ಕೇಕ್ ತಿನ್ನಲಿ ಎಂದಳಂತೆ ಫ್ರಾನ್ಸಿನ ರಾಣಿ. ಅರಮನೆಯವರು ಎಲ್ಲ ಕಾಲದಲ್ಲೂ ಒಂದೇ ಥರ ಮಾತಾಡುತ್ತಾರೆ ಎಂದು ಒಂಬತ್ತನೇ ಕ್ಲಾಸಿನ ಮಿಸ್ಸಿಗೆ ಮೈ ಜುಮ್ಮೆಂದಿತು. ಸಿಸ್ಟರಕ್ಕ ಸೌಟನ್ನು ಧಣಿಗಳ ಮುಂದಿನ ಮೇಜಿನ ಮೇಲೆ, ಬಿಳಿ ಬಟ್ಟೆಯ ಮೇಲೆ, ಇಟ್ಟುಬಿಟ್ಟರು. ಸಾರಿನ ಕಲೆ ಅಗಲವಾಗಿ ಹರಡಿತು.

ಮಾತಾಡಲು ಎದ್ದವನು ಇನ್ನೊಬ್ಬ. ಜುಮೇರಾ ಲೇಕ್ ಟವರ್ಸಿನಲ್ಲಿ ಆಫೀಸು, ಸೇಲ್ಸ್ ಮ್ಯಾನೇಜರು, ದುಬೈಯಿಂದ ಪ್ರತಿ ಸಲ ತಡವಾಗಿ ಬಂದು ಮುಂದಿನ ಸಾಲಿನಲ್ಲಿ ಕೂರುವವನು. ಗಾಳಿ ಬಂದಾಗ ತೂರಿಕೊಳ್ಳುವುದನ್ನು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹತ್ತಿ ನಿಂತು, ಇನ್ನು ಮುಂದೆ ಈ ಸಂಘದಲ್ಲಿ ಒಂದೇ ಪಂಕ್ತಿ, ಹೆಂಗಸರಿಗೂ ಓಟು, ಅರಿಶಿನ ಕುಂಕುಮದಲ್ಲಿ ಯಾರನ್ನೂ ದಾಟಿ ಹೋಗುವಂತಿಲ್ಲ, ಯಾವ ಮಂಗಲ ಕಾರ್ಯದಿಂದಲೂ ಯಾರನ್ನೂ ದೂರ ಇಡುವಂತಿಲ್ಲ ಎಂದು ಘೋಷಿಸಿದ. ಕುರ್ಚಿಯ ಕಾಲು ಬಾಗುತ್ತಿತ್ತು. ಅವನನ್ನು ಬೀಳದಂತೆ ಹಿಡಿದುಕೊಂಡಿದ್ದವರು ನನ್ನ ಯಜಮಾನರು. ಹಾಲಿನಲ್ಲಿ ಚಪ್ಪಾಳೆ. ನಾನೂ ತಟ್ಟಿದೆ, ಸುಳ್ಳು ಯಾಕೆ ಹೇಳಲಿ. ಧಣಿಗಳು ಅವತ್ತು ಸಂಜೆಯೇ ಅಧ್ಯಕ್ಷಗಿರಿ ಬಿಟ್ಟರು. ಸೇಲ್ಸ್ ಮ್ಯಾನೇಜರು ಅಧ್ಯಕ್ಷನಾದ, ನನ್ನ ಯಜಮಾನರು ಜತೆ ಕಾರ್ಯದರ್ಶಿಯಾದರು.

ಪಾತ್ರೆ ತೊಳೆಯುವಾಗ ಸಿಸ್ಟರಕ್ಕ ನನಗೊಂದು ಮಾತು ಹೇಳಿದರು. ಮಗಳಿಗೆ ಆಗಷ್ಟೇ ಮದುವೆಯಾಗಿತ್ತು. ಅವಳ ಮದುವೆಯಲ್ಲಿ ಅಮ್ಮ ಕಂಬದ ಹಿಂದೆ ನಿಂತು ಧಾರೆ ನೋಡಿದ್ದರು. "ನಂಗೆ ಓಟು ಗೀಟು ಬೇಡ ಟೀಚರೇ, ಪಂಕ್ತಿಯೂ ಬೇಡ. ಮಗಳ ಬಯಕೆಯ ದಿನ ಅವಳ ಮಡಿಲು ನಾನೇ ತುಂಬ್ಬೇಕು. ಅಷ್ಟು ಆದ್ರೆ ಸಾಕು." ಬಯಕೆ ಅಂದರೆ ನಮ್ಮ ಕಡೆ ಬಸುರಿಗೆ ಮಾಡುವ ಸೀಮಂತ. ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಸೆರಗಿನ ಮಡಿಲಿಗೆ ಅಕ್ಕಿ, ತೆಂಗಿನಕಾಯಿ, ವೀಳ್ಯದೆಲೆ ಹಾಕುವುದು. ಹಾಕುವವರು ಮುತ್ತೈದೆಯರೇ ಆಗಬೇಕು. ಹೆತ್ತವಳಾದರೂ ಗಂಡನಿಲ್ಲದವಳು ಹಾಕುವಂತಿಲ್ಲ. ಆಯಿತಲ್ಲ ಅಕ್ಕ, ಇನ್ನು ನಿಮ್ಮನ್ನು ತಡೆಯುವವರು ಯಾರು ಎಂದೆ. ಫ್ರಾನ್ಸಿನ ಪಾಠವನ್ನು ವರ್ಷವರ್ಷ ಓದಿಸುವ ನಾನು ಹಾಗೆ ಅಂದೆ.

ಹೊಸ ಸರಕಾರ ಮೊದಲು ಕೈ ಹಾಕಿದ್ದು ಸಂವಿಧಾನಕ್ಕೆ. ಬೈಲಾ ತಿದ್ದಲು ನಮ್ಮ ಮನೆಯ ಊಟದ ಮೇಜಿನ ಸುತ್ತ ಎಷ್ಟೋ ಶುಕ್ರವಾರಗಳು ಕಳೆದವು. ಕ್ರಾಂತಿಕಾರರಿಗೆಲ್ಲ ಚಹಾ ಮಾಡಿ ಕೊಟ್ಟದ್ದು ನಾನು. ಕೊನೆಗೆ ಬಂದ ಬೈಲಾದಲ್ಲಿ ಸಕ್ರಿಯ ಸದಸ್ಯ, ಸಾಮಾನ್ಯ ಸದಸ್ಯ ಎಂದು ಎರಡು ಬಗೆ. ಹೆಂಗಸರೆಲ್ಲ ಸದಸ್ಯರೇ, ಸಂತೋಷ. ಓಟು ಮಾತ್ರ ಸಕ್ರಿಯ ಸದಸ್ಯರಿಗೆ. ಸಕ್ರಿಯ ಸದಸ್ಯ ಅಂದರೆ ಕುಟುಂಬದ ಯಜಮಾನ. ಹಾಗಾದರೆ ಸಿಸ್ಟರಕ್ಕನ ಕುಟುಂಬದ ಯಜಮಾನ ಯಾರು ಎಂದು ಕೇಳಿದೆ. ನನ್ನ ಯಜಮಾನರು ನೀರುದೋಸೆಯನ್ನು ಚಟ್ನಿಯಲ್ಲಿ ಅದ್ದುತ್ತ ಅದು ತಾತ್ಕಾಲಿಕ, ಮುಂದಿನ ಸಭೆಯಲ್ಲಿ ತಿದ್ದುಪಡಿ ತರುತ್ತೇವೆ ಎಂದರು. ಪ್ಯಾರಿಸಿನಲ್ಲೂ ಸಕ್ರಿಯ ನಾಗರಿಕ, ನಿಷ್ಕ್ರಿಯ ನಾಗರಿಕ ಎಂದು ಹೀಗೇ ಮಾಡಿದ್ದರು ಎಂದು ನಾನು ಹೇಳಿದ್ದಕ್ಕೆ ಅವರು ಖುಷಿಯಾದರು. ಪ್ಯಾರಿಸಿಗೆ ಹೋಲಿಸಿದ್ದನ್ನು ಹೊಗಳಿಕೆ ಎಂದುಕೊಂಡ ಮನುಷ್ಯನ ಜೊತೆ ನಾನು ಇಪ್ಪತ್ತು ಚಿಲ್ಲರೆ ವರ್ಷ ಸಂಸಾರ ಮಾಡಿದ್ದೇನೆ.

ಓಟು ಸಿಗದಿದ್ದರೆ ಬೇಡ, ಅಡುಗೆಮನೆಯಲ್ಲೇ ನಾವು ತಿಂಗಳಿಗೊಮ್ಮೆ ಕೂತು ಮಾತಾಡೋಣ ಎಂದು ಸಿಸ್ಟರಕ್ಕ ಮಹಿಳಾ ಕೂಟ ಶುರು ಮಾಡಿದರು. ಹೆಚ್ಚೇನೂ ಇಲ್ಲ, ಯಾರ ಮನೆಯಲ್ಲಿ ಕಾಯಿಲೆ, ಯಾರಿಗೆ ವೀಸಾದ ತೊಂದರೆ, ಯಾವ ಹುಡುಗಿಗೆ ಗಂಡ ಹೊಡೆಯುತ್ತಾನೆ ಇಂಥ ಮಾತು. ಮೂರನೇ ಕೂಟಕ್ಕೆ ಅಧ್ಯಕ್ಷನಿಂದ ಸಂದೇಶ ಬಂತು. ಸಂಘದೊಳಗೆ ಇನ್ನೊಂದು ಸಂಘ ಬೇಡ, ಒಗ್ಗಟ್ಟು ಮುಖ್ಯ. ಪ್ಯಾರಿಸಿನಲ್ಲೂ ರೊಟ್ಟಿಗಾಗಿ ರಾಜನ ಅರಮನೆಗೆ ನಡೆದುಹೋದ ಹೆಂಗಸರ ಕೂಟಗಳನ್ನು ಮುಚ್ಚಿಸಿದ್ದು ರಾಜನಲ್ಲ, ಕ್ರಾಂತಿಯ ಸರಕಾರ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗು ಯಾರಿಗೆ ಬೇಕು. ಗೈಡಿನಲ್ಲಿ ಇದಕ್ಕೆ ಅರ್ಧ ಸಾಲೂ ಇಲ್ಲ.

ಆಮೇಲೆ ಧರ್ಮದ ಸುಧಾರಣೆ. ಭಟ್ಟರು ಇನ್ನು ಮುಂದೆ ಹರಿವಾಣದ ದಕ್ಷಿಣೆ ತೆಗೆದುಕೊಳ್ಳಬಾರದು, ಸಮಿತಿ ಗೌರವಧನ ಕೊಡುತ್ತದೆ. ಸಮಿತಿಯ ತೀರ್ಮಾನಗಳಿಗೆ ಬದ್ಧನಾಗಿ ಪೂಜೆ ಮಾಡುತ್ತೇನೆ ಎಂದು ಗಣಪತಿಯ ಮುಂದೆ ನಿಂತು ಪ್ರಮಾಣ ಮಾಡಬೇಕು. ನಾನು ಕೈ ಮುಗಿಯುವುದು ದೇವರಿಗೆ, ಕಮಿಟಿಗಲ್ಲ ಎಂದು ಭಟ್ಟರು ಪಂಚೆ ಕೊಡವಿ ಎದ್ದು ಹೋದರು. ಅವರಿಗಾಗಿ ನಾನು ಕಣ್ಣೀರು ಹಾಕುವುದಿಲ್ಲ. ಅನ್ನ ಮುಗಿದ ದಿನ ಮೊದಲ ಪಂಕ್ತಿಯಲ್ಲಿ ಮೂರು ಸಲ ಪಾಯಸ ಹಾಕಿಸಿಕೊಂಡವರು ಅವರೇ. ಅವರ ಜಾಗಕ್ಕೆ ಪ್ರಮಾಣ ಮಾಡಿದ ಒಬ್ಬ ಯುವಕ ಬಂದ. ಮಂತ್ರವನ್ನು ಫೋನಿನಲ್ಲಿ ಹಾಕಿ ಸ್ಪೀಕರಿಗೆ ಹಿಡಿದು, ತಾನು ಹೂ ಎಸೆಯುತ್ತಿದ್ದ. ಒಂದು ಸಲ ಅರ್ಚನೆಯ ನಡುವೆ ಅವನ ಮ್ಯಾನೇಜರನ ಕರೆ ಬಂದು ಗಣಪತಿಯ ಮುಂದೆ ಹಿಂದಿ ಹಾಡಿನ ರಿಂಗ್‌ಟೋನು ಮೊಳಗಿತು. ತಿಥಿ ನಕ್ಷತ್ರ ಮೂಢನಂಬಿಕೆ, ಎಲ್ಲ ಹಬ್ಬವೂ ಶುಕ್ರವಾರವೇ ಅಧಿಕೃತ ಎಂದು ಹೊಸ ಕ್ಯಾಲೆಂಡರನ್ನೂ ಹೊರಡಿಸಿದರು. ಸರಿ, ಆದರೆ ಹಬ್ಬದ ನಿಜವಾದ ತಿಥಿಯ ದಿನ ಸಂಜೆ ಭಟ್ಟರ ಫ್ಲ್ಯಾಟಿನ ಲಿಫ್ಟಿನಲ್ಲಿ ಸೂಪರ್‌ಮಾರ್ಕೆಟಿನ ಚೀಲದಲ್ಲಿ ಹಣ್ಣುಕಾಯಿ ಮುಚ್ಚಿಕೊಂಡು ನಿಂತಿರುತ್ತಿದ್ದವರು ಸಮಿತಿಯವರ ಹೆಂಡಂದಿರು. ಅಧ್ಯಕ್ಷನ ಹೆಂಡತಿಯನ್ನೇ ನಾನು ಅಲ್ಲಿ ನೋಡಿದೆ. ನನ್ನನ್ನು ನೋಡಿದ ಕೂಡಲೇ ಆಕೆ, ಇಲ್ಲಿ ಟೈಲರ್ ಇದ್ದಾನೆ ಎಂದಳು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಸಮಾಜ ಸುಧಾರಣೆಯನ್ನು ನೆನೆದರೆ ಈಗಲೂ ನಗು ಬರುತ್ತದೆ. ನಮ್ಮ ಕಡೆ ಒಬ್ಬರನ್ನೊಬ್ಬರು ಜಾತಿಯ ಹೆಸರಿನಿಂದಲೇ ಮರ್ಯಾದೆಗೆ ಕರೆಯುವುದು, ಶೆಟ್ರೇ, ಭಟ್ರೇ, ಪೂಜಾರ್ರೇ ಎಂದು. ಅದನ್ನು ನಿಷೇಧಿಸಿ ಎಲ್ಲರನ್ನೂ ಬಂಧು ಎಂದು ಕರೆಯಬೇಕೆಂದು ಠರಾವಾಯಿತು. ಎದೆಗೆ ಚುಚ್ಚಿಕೊಳ್ಳಲು ಬಿಲ್ಲೆಗಳೂ ಬಂದವು. ಎರಡು ಶುಕ್ರವಾರ ಬಂಧು, ಬಂಧು ಎಂದು ಕೂಗಾಟ. ಹಾಲಿನಲ್ಲಿ ಬಂಧು ಎಂದರೆ ಐವತ್ತು ತಲೆ ತಿರುಗುತ್ತಿದ್ದವು. ಮೂರನೇ ಶುಕ್ರವಾರ, ಶೆಟ್ರು ಬಂಧುಗಳೇ, ಸ್ವಲ್ಪ ಈ ಬದಿಗೆ ಬನ್ನಿ ಎಂದು ಮೈಕಿನಲ್ಲಿ ಕರೆದದ್ದು ಜತೆ ಕಾರ್ಯದರ್ಶಿಗಳು, ಅಂದರೆ ನಮ್ಮ ಮನೆಯವರೇ. ಪಂಕ್ತಿ ಒಂದೇ ಆಯಿತು, ಅದು ನಿಜ, ಆ ಒಂದಕ್ಕೆ ನಾನು ಅಂಕ ಕೊಡುತ್ತೇನೆ. ಆದರೆ ಆರು ತಿಂಗಳೊಳಗೆ ಕಿಟಕಿಯ ಪಕ್ಕ ಬಿಳಿ ಬಟ್ಟೆ ಹಾಸಿದ ಪ್ರಾಯೋಜಕರ ಮೇಜು ಬಂತು. ಅಲ್ಲಿ ಧಣಿಗಳು ಕೂತು ಪಾಯಸ ಕುಡಿಯುತ್ತಿದ್ದರು. ಹೊಸ ಅಧ್ಯಕ್ಷ ಪಕ್ಕದಲ್ಲಿ ನಿಂತು ಅವರಿಗೆ ಇನ್ನೊಂದು ಸೌಟು ಹಾಕಿಸುತ್ತಿದ್ದ. ಹಿಂದೆ ಅವರ ಎದುರು ಕೈಕಟ್ಟಿ ನಿಲ್ಲುತ್ತಿದ್ದದ್ದಕ್ಕಿಂತ ಒಂದಿಷ್ಟು ಜಾಸ್ತಿಯೇ ಬಾಗುತ್ತಿದ್ದ.

ಕುಂಕುಮದ ಬಟ್ಟಲು ಮಾತ್ರ ಸಿಸ್ಟರಕ್ಕನ ಎದುರು ಮೊದಲಿನ ಹಾಗೆಯೇ ಪಕ್ಕಕ್ಕೆ ತಿರುಗುತ್ತಿತ್ತು. ಮೊದಲೆರಡು ಸಲ ನಾನು ಗಟ್ಟಿಯಾಗಿ ಕೇಳಿದೆ. ಅಭ್ಯಾಸಬಲ ಮಾರಾಯ್ತಿ ಎಂದರು. ಸಿಸ್ಟರಕ್ಕ ನನ್ನ ಸೆರಗು ಜಗ್ಗಿ ಸುಮ್ಮನಿರಿಸಿದರು. ಅವರು ಕಾಯುತ್ತಿದ್ದದ್ದು ಬಟ್ಟಲಿಗಲ್ಲ.

ಮರುವರ್ಷ ಸಿಸ್ಟರಕ್ಕನ ಮಗಳು ಬಸುರಿ, ಏಳು ತಿಂಗಳಾಯಿತು. ಅಬುಧಾಬಿಯಲ್ಲೇ ಬೆಳೆದ ಹುಡುಗಿ, ದುಬೈಯಲ್ಲಿ ಕೆಲಸ. ತುಳು ಅರ್ಥವಾಗುತ್ತದೆ, ಕನ್ನಡ ಅಮ್ಮನ ಜೊತೆ ಮಾತ್ರ, ಉಳಿದವರಿಗೆಲ್ಲ ಇಂಗ್ಲಿಷಿನಲ್ಲೇ ಉತ್ತರ. ಅಳಿಯನ ತಂದೆ ತಾಯಿ ಊರಲ್ಲಿದ್ದರು, ಬರುವ ಹಾಗಿರಲಿಲ್ಲ. ಗಂಡಿನ ಕಡೆಯ ಹಿರಿಯನೆಂದು ಇಲ್ಲಿ ನಿಲ್ಲಬೇಕಾದವನು ಯಾರೆಂದರೆ ನಮ್ಮ ಕ್ರಾಂತಿಕಾರಿ ಅಧ್ಯಕ್ಷನೇ. ಅಳಿಯನಿಗೆ ಅವನು ದೂರದಿಂದ ಮಾವ ಆಗಬೇಕು. ಬಯಕೆ ಸಂಘದ ಹಾಲಿನಲ್ಲೇ ಎಂದು ತೀರ್ಮಾನವಾಯಿತು. ಸಿಸ್ಟರಕ್ಕ ನನ್ನನ್ನು ಕರೆದುಕೊಂಡು ಅವನ ಮನೆಗೆ ಹೋಗಿ, ಸುತ್ತಿ ಬಳಸದೆ ಕೇಳಿದರು. ಕುರ್ಚಿಯ ಮೇಲೆ ನಿಂತು ಹೇಳಿದ ಮಾತಿದೆ, ಮಡಿಲು ನಾನು ತುಂಬುತ್ತೇನೆ, ನಿಮ್ಮ ಕಡೆಯಿಂದ ಒಪ್ಪಿಗೆ ಬೇಕು.

ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಅವನು ಎಷ್ಟು ಹೊತ್ತು ಮಾತಾಡಿದನೋ. ತತ್ವಕ್ಕೆ ತಾನು ಬದ್ಧ, ಆದರೆ ಜನ ಇನ್ನೂ ತಯಾರಾಗಿಲ್ಲ, ಸುಧಾರಣೆ ಹಂತ ಹಂತವಾಗಿ ಆಗಬೇಕು, ಊರಲ್ಲಿ ಅಳಿಯನ ತಾಯಿ ಬೇಸರ ಮಾಡಿಕೊಂಡಾರು, ಬಸುರಿಯ ವಿಷಯ ಬೇರೆ. ಕಡೆಗೆ ಬಾಯಿ ತಪ್ಪಿ, ಭಟ್ಟರ ಹತ್ತಿರವೂ ಒಂದು ಮಾತು ಕೇಳಿದೆ, ಅಂಥ ಪದ್ಧತಿ ಇಲ್ಲವಂತೆ ಎಂದ. ಯಾವ ಭಟ್ಟರು ಎಂದು ನಾನು ಕೇಳಿದೆ. ಪ್ರಮಾಣ ಮಾಡಲಿಲ್ಲವೆಂದು ಯಾರನ್ನು ಓಡಿಸಿದ್ದನೋ ಅದೇ ಭಟ್ಟರು. ಒಂದು ವರ್ಷದಿಂದ ಒಬ್ಬರ ಮುಖ ಒಬ್ಬರು ನೋಡದಿದ್ದ ಹಳೇ ಧರ್ಮವೂ ಹೊಸ ಸರಕಾರವೂ ಕದ್ದು ಫೋನಿನಲ್ಲಿ ಮಾತಾಡಿ ಒಂದೇ ಒಂದು ವಿಷಯದಲ್ಲಿ ರಾಜಿಯಾಗಿದ್ದವು. ಆ ವಿಷಯ ಸಿಸ್ಟರಕ್ಕನ ಕೈ. ನನಗೆ ಅಲ್ಲೇ ಉಗಿಯಬೇಕೆನಿಸಿತು. ಅವನ ಹೆಂಡತಿ ತಂದಿಟ್ಟ ಶರಬತ್ತನ್ನು ಮುಟ್ಟದೆ ಎದ್ದು ಬಂದೆ. ಕಾರಿನಿಂದ ಇಳಿಯುವಾಗ ಸಿಸ್ಟರಕ್ಕ, ಮಗಳಿಗೆ ಇದೆಲ್ಲ ಹೇಳಬೇಡಿ ಟೀಚರೇ, ಅವಳು ಬೇಜಾರು ಮಾಡಿಕೊಳ್ಳುವುದು ಬೇಡ ಎಂದರು.

ನಾನು ಹೇಳಿದೆ. ಅದೇ ಸಂಜೆ ಫೋನು ಮಾಡಿ ಒಂದಕ್ಷರ ಬಿಡದೆ ಹೇಳಿದೆ. ಆ ಹುಡುಗಿ, "ಓಕೆ ಆಂಟಿ" ಎಂದು ಇಟ್ಟಳು. ಈ ಮಕ್ಕಳಿಗೆ ರಕ್ತವೇ ಇಲ್ಲವೇ ಎಂದುಕೊಂಡೆ.

ಬಯಕೆಯ ಶುಕ್ರವಾರ ಸಂಘದ ಹಾಲ್ ಜನರಿಂದ ತುಂಬಿತ್ತು. ಊರಿನಿಂದ ಬೆಳಗಿನ ವಿಮಾನದಲ್ಲಿ ಬಂದ ಮಲ್ಲಿಗೆಯ ಚೆಂಡುಗಳು, ಹಸಿರು ಬಳೆ, ಬಾಳೆಲೆ. ಮಗಳು ಹಸಿರು ಸೀರೆ ಉಟ್ಟು ಕುರ್ಚಿಯಲ್ಲಿ ಕೂತಿದ್ದಳು. ಸಿಸ್ಟರಕ್ಕ ಬೆಳಗ್ಗಿನಿಂದ ಅಡುಗೆಮನೆ ಬಿಟ್ಟು ಹೊರಬಂದಿರಲಿಲ್ಲ. ಮಡಿಲು ತುಂಬುವ ಐವರು ಮುತ್ತೈದೆಯರಲ್ಲಿ ಮೊದಲನೆಯವಳು ಅಧ್ಯಕ್ಷನ ಹೆಂಡತಿ. ಆಕೆ ಅಕ್ಕಿ ಕಾಯಿಯ ಹರಿವಾಣ ಹಿಡಿದು ಬಂದು, ಸೆರಗು ಒಡ್ಡು ಎಂದಳು. ಮಗಳು ಸೆರಗನ್ನು ಒಟ್ಟುಮಾಡಿ ಎರಡೂ ಕೈಯಿಂದ ಹೊಟ್ಟೆಯ ಮೇಲೆ ಮುಚ್ಚಿ ಹಿಡಿದಳು.

"ಸಾರಿ ಆಂಟಿ," ಎಂದಳು. "ಮೈ ಮದರ್ ಫಸ್ಟ್."

ಅಧ್ಯಕ್ಷ ಮುಂದೆ ಬಂದ. ಕೈಯಲ್ಲಿ ಮೈಕು ಇತ್ತು, ಅವನ ಕೈಯಲ್ಲಿ ಯಾವಾಗಲೂ ಮೈಕು ಇರುತ್ತಿತ್ತು. ಮಗುವಿನ ಒಳ್ಳೆಯದಕ್ಕಾಗಿ ಹಿರಿಯರ ಮಾತು ಕೇಳಬೇಕು, ಮುಂದಿನ ಮಹಾಸಭೆಯಲ್ಲಿ ಈ ಬಗ್ಗೆ ಠರಾವು ತರೋಣ ಎಂದ. ಹುಡುಗಿ ಅವನ ಕಡೆ ನೋಡಲೂ ಇಲ್ಲ. ನನ್ನ ಯಜಮಾನರು ಎ.ಸಿ. ಸರಿಯಾಗಿದೆಯೇ ಎಂದು ಚಾವಣಿಯತ್ತ ಮುಖ ಎತ್ತಿ ಪರೀಕ್ಷಿಸುತ್ತಿದ್ದರು. ಯಾರೋ ಅಡುಗೆಮನೆಗೆ ಓಡಿ ಸುದ್ದಿ ಮುಟ್ಟಿಸಿದರು. ಸಿಸ್ಟರಕ್ಕ ಸೀರೆಯ ತುದಿಗೆ ಕೈ ಒರೆಸಿಕೊಳ್ಳುತ್ತ ಬಂದು ಮಗಳ ಎದುರು ನಿಂತರು. ಅವರು ಹಿಂಜರಿಯುತ್ತಾರೆಂದು ನಾನು ನಿರೀಕ್ಷಿಸಿರಲಿಲ್ಲ.

"ಹಟ ಮಾಡ್ಬೇಡ ಮಗಾ. ಆಂಟಿಯವರೇ ಹಾಕ್ಲಿ," ಎಂದರು. ಆಮೇಲೆ ಸ್ವರ ತಗ್ಗಿಸಿ, "ನಂಗೆ ಹೆದರಿಕೆ ಆಗ್ತದೆ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಎಲ್ರೂ ನನ್ನ ಕೈಯನ್ನೇ ತೋರಿಸುದು."

ಆ ವಾರ್ಡಿನಲ್ಲಿ ಹೆಚ್ಚುಕಮ್ಮಿ ಎಂದರೆ ಏನೆಂದು ಕಣ್ಣಾರೆ ನೋಡಿದವರು ಅವರು. ಯಾವ ಮಗುವೂ ಯಾರೋ ಅಕ್ಕಿ ಹಾಕಿದ್ದರಿಂದ ಉಳಿಯುವುದಿಲ್ಲ, ಹೋಗುವುದೂ ಇಲ್ಲ ಎಂದು ನಮ್ಮೆಲ್ಲರಿಗಿಂತ ಚೆನ್ನಾಗಿ ಬಲ್ಲವರು. ಆದರೂ ಅವರು ಮಗಳ ಸೆರಗಿನಿಂದ ಒಂದು ಹೆಜ್ಜೆ ಹಿಂದೆ ಸರಿದರು. ಇಷ್ಟು ವರ್ಷ ತಮ್ಮ ಎದುರು ತಿರುಗಿದ ಬಟ್ಟಲುಗಳೆಲ್ಲ ಕೊನೆಗೂ ಅವರ ಒಳಗೆ ಕೆಲಸ ಮಾಡಿದ್ದವು. ಅದನ್ನು ನೋಡಿದಾಗ ನನಗಾದ ಸಿಟ್ಟನ್ನು ಯಾವ ಮಾತಿನಲ್ಲಿ ಹೇಳಲಿ. ಧಣಿಗಳ ಮೇಲೆ, ಭಟ್ಟರ ಮೇಲೆ, ಮೈಕಿನವನ ಮೇಲೆ, ಚಾವಣಿ ನೋಡುತ್ತಿದ್ದವರ ಮೇಲೆ, ಎಲ್ಲರ ಮೇಲೂ.

ಮಗಳು ಅಮ್ಮನ ಮುಖವನ್ನೇ ನೋಡಿದಳು. ಈ ಸಲ ಕನ್ನಡದಲ್ಲಿ ಹೇಳಿದಳು.

"ನಂಗೂ ಹೆದರಿಕೆ ಉಂಟು ಅಮ್ಮ. ಆದ್ರೂ ನೀನೇ ಹಾಕು."

ಸೆರಗು ಬಿಡಿಸಿ ಒಡ್ಡಿದಳು. ಸಿಸ್ಟರಕ್ಕ ಅಧ್ಯಕ್ಷನ ಹೆಂಡತಿಯ ಹರಿವಾಣ ಮುಟ್ಟಲಿಲ್ಲ. ಅಡುಗೆಮನೆಗೆ ಹೋಗಿ, ಊಟಕ್ಕೆಂದು ತಂದಿದ್ದ ಚೀಲದಿಂದ ಬೊಗಸೆ ಅಕ್ಕಿ ತೆಗೆದುಕೊಂಡು ಬಂದರು. ಮಗಳ ಮಡಿಲಿಗೆ ಹಾಕಿದರು. ಒಂದಿಷ್ಟು ನೆಲಕ್ಕೂ ಚೆಲ್ಲಿತು. ಮಗಳ ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ಹಾಗೇ ನಿಂತರು. ಆಮೇಲೆ ಸಾಲಿನಲ್ಲಿದ್ದ ಮುತ್ತೈದೆಯರಲ್ಲಿ ಮೂವರು ಹರಿವಾಣವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಊಟದ ಎಲೆಯ ಕಡೆ ಹೋದರು. ಅಧ್ಯಕ್ಷನ ಹೆಂಡತಿ ಎಲ್ಲರಿಗಿಂತ ಮುಂದೆ. ಇಬ್ಬರು ನಿಂತರು. ಅವರಲ್ಲಿ ಒಬ್ಬಳ ಅವಳಿ ಮಕ್ಕಳನ್ನು ಸಿಸ್ಟರಕ್ಕನೇ ಹೊರತೆಗೆದದ್ದು. ಮೂರನೆಯವಳಾಗಿ ನಾನು ಹೋದೆ. ಇಂಥ ಶಾಸ್ತ್ರಗಳಿಂದ ಮಾರು ದೂರ ನಿಲ್ಲುವವಳು ನಾನು, ಅಕ್ಕಿ ಯಾವ ಕೈಯಿಂದ ಹಾಕುವುದೆಂದೂ ಗೊತ್ತಿರಲಿಲ್ಲ. ಎರಡೂ ಕೈಯಿಂದ ಹಾಕಿದೆ.

ಊಟವನ್ನು ಮಾತ್ರ ಯಾರೂ ಬಹಿಷ್ಕರಿಸಲಿಲ್ಲ. ಶಾಸ್ತ್ರ ಕೆಟ್ಟಿತೆಂದು ಮುಖ ಊದಿಸಿಕೊಂಡವರೆಲ್ಲ ಸಿಸ್ಟರಕ್ಕನ ಕೈಯ ಪಾಯಸವನ್ನು ಎರಡೆರಡು ಸಲ ಹಾಕಿಸಿಕೊಂಡರು. ಎರಡು ತಿಂಗಳು ಬಿಟ್ಟು ಹೆಣ್ಣುಮಗು ಹುಟ್ಟಿತು. ಗಟ್ಟಿಮುಟ್ಟಾಗಿತ್ತು, ಆಸ್ಪತ್ರೆಯ ಕಾರಿಡಾರಿನಲ್ಲೆಲ್ಲ ಕೇಳುವ ಹಾಗೆ ಅಳುತ್ತಿತ್ತು. ಅದೊಂದು ಹಾಗೆ ಆಗದೆ ಇದ್ದಿದ್ದರೆ ಈ ಜನ ಏನು ಹೇಳುತ್ತಿದ್ದರೆಂದು ನನಗೆ ಗೊತ್ತು. ಆದದ್ದರಿಂದ ಏನು ಹೇಳಿದರೆಂಬುದನ್ನೂ ಬರೆಯುತ್ತೇನೆ. ಸಂಘದ ಗ್ರೂಪಿನಲ್ಲಿ ಬಯಕೆಯ ದಿನದ ಒಂದು ಫೋಟೊ ಬಂತು. ನಡುವೆ ಮೈಕು ಹಿಡಿದ ಅಧ್ಯಕ್ಷ, ಮೂಲೆಯಲ್ಲಿ ಸಿಸ್ಟರಕ್ಕನ ಬೆನ್ನು. ಕೆಳಗೆ, ನಮ್ಮ ಸಮಿತಿಯ ನೇತೃತ್ವದಲ್ಲಿ ಕೊಲ್ಲಿ ನಾಡಿನಲ್ಲೇ ಒಂದು ಮಹತ್ವದ ಸುಧಾರಣೆ ಎಂಬ ಒಕ್ಕಣೆ. ಹೆಬ್ಬೆರಳು ಎತ್ತಿದವರಲ್ಲಿ ಹರಿವಾಣ ಕಟ್ಟೆಯ ಮೇಲಿಟ್ಟು ಹೋದ ಮೂವರೂ ಇದ್ದರು. ನನ್ನ ಯಜಮಾನರೂ ಎತ್ತಿದ್ದರು. ಆ ರಾತ್ರಿಯ ಊಟ ಅವರು ತಾವೇ ಬಡಿಸಿಕೊಂಡರು.

ವಾರ್ಷಿಕೋತ್ಸವ ಹತ್ತಿರ ಬಂದಾಗ ಸಿಸ್ಟರಕ್ಕನಿಗೆ ವೇದಿಕೆಯ ಮೇಲೆ ಸನ್ಮಾನ ಮಾಡುವುದೆಂದು ಸಮಿತಿ ನಿರ್ಧರಿಸಿತು. ಅಧ್ಯಕ್ಷ ಫೋನು ಮಾಡಿದಾಗ ನಾನು ಅವರ ಮನೆಯಲ್ಲೇ ಇದ್ದೆ. ಸಿಸ್ಟರಕ್ಕ ಮೊಮ್ಮಗಳನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದರು. ಕೈ ಜಿಡ್ಡಾಗಿದೆ, ನೀವೇ ಸ್ಪೀಕರಿಗೆ ಹಾಕಿ ಎಂದರು, ಹಾಕಿದೆ. ಅಧ್ಯಕ್ಷ ಅವರನ್ನು ಧಾರಾಳವಾಗಿ ಹೊಗಳಿದ. ಕೊನೆಯಲ್ಲಿ ಗಂಟಲು ಸರಿಪಡಿಸಿಕೊಂಡು ಒಂದು ಸಣ್ಣ ವಿಷಯ ಎಂದ. ಹೆಂಗಸರಿಗೆ ಸನ್ಮಾನ ಮಾಡುವಾಗ ಕುಂಕುಮ ಇಟ್ಟು ಹೂ ಮುಡಿಸುವ ಕ್ರಮವಿದೆ. ಅದರ ಬಗ್ಗೆ ಸಮಿತಿಯಲ್ಲಿ ದೀರ್ಘ ಚರ್ಚೆ ನಡೆಯಿತು, ಹಿರಿಯರಿಗೆ ಮುಜುಗರ ಆಗಬಾರದು, ಆದ್ದರಿಂದ ಅದೆರಡನ್ನು ಬಿಟ್ಟು ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ ಎಂದು ಇಟ್ಟುಕೊಂಡಿದ್ದೇವೆ, ನೀವು ತಪ್ಪು ತಿಳಿಯಬಾರದು.

ನಾನು ಬಾಯಿ ತೆರೆಯುವ ಮೊದಲೇ ಸಿಸ್ಟರಕ್ಕ ಎಣ್ಣೆಗೈ ಎತ್ತಿ ನನ್ನನ್ನು ತಡೆದರು. ಮಗುವನ್ನು ಮಗುಚಿ ಹಾಕಿ ಬೆನ್ನಿಗೆ ಎಣ್ಣೆ ಸವರಿದರು. ಆಮೇಲೆ ಫೋನಿನ ಕಡೆ ಬಾಗಿದರು.

"ಶಾಲು ಯಾಕೆ ಮಾರಾಯ್ರೇ, ಇಲ್ಲಿ ಮೊದಲೇ ಸೆಕೆ. ಹೂ ಕೊಡುದಾದ್ರೆ ಹೇಳಿ, ಬರ್ತೇನೆ."

ಸಮಿತಿಯಲ್ಲಿ ಇಟ್ಟು ತಿಳಿಸುತ್ತೇನೆ ಎಂದು ಆ ಕ್ರಾಂತಿಕಾರಿ ಫೋನು ಇಟ್ಟ. ಆಮೇಲೆ ಸಂಘದಲ್ಲಿ ಇನ್ನೆರಡು ಸರಕಾರಗಳು ಬಂದು ಹೋದವು. ಇನ್ನೂ ತಿಳಿಸಿಲ್ಲ.